ಸೈಕಲ್ಲಿಗೊಂದು ಪರವಾನಗಿ: ಇನ್ನೂರು ವರ್ಷಗಳ ಹಳೆಯ ಪ್ರಶ್ನೆ

ನಮ್ಮ ತಂದೆಯವರ ಹಳೆಯ ಟ್ರಂಕಿನಲ್ಲಿ ಒಂದು ಹಿತ್ತಾಳೆಯ ಬಿಲ್ಲೆ ಇದೆ. ಧಾರವಾಡ ಜಿಲ್ಲೆಯ ಒಂದು ಪುರಸಭೆ 1961-62ನೆಯ ಸಾಲಿಗೆಂದು ಕೊಟ್ಟದ್ದು. ಮೇಲೆ ಊರಿನ ಹೆಸರು, ನಡುವೆ ಒಂದು ಸಂಖ್ಯೆ, ಕೆಳಗೆ ಇಸವಿ, ಸೈಕಲ್ಲಿಗೆ ಬಿಗಿಯಲು ಎರಡು ತೂತು. ವರ್ಷಕ್ಕೊಮ್ಮೆ ಪುರಸಭೆಯ ಕಚೇರಿಗೆ ಹೋಗಿ, ಹಣ ಕಟ್ಟಿ ಹೊಸ ಬಿಲ್ಲೆ ತರಬೇಕಿತ್ತಂತೆ. ತಪ್ಪಿದರೆ ಚೌಕದಲ್ಲಿ ನಿಂತ ಸಿಪಾಯಿ ಗಾಲಿಯ ಗಾಳಿ ಬಿಡುತ್ತಿದ್ದ, ಇಲ್ಲವೇ ಸೈಕಲ್ಲನ್ನೇ ಕಚೇರಿಗೆ ಒಯ್ಯುತ್ತಿದ್ದ ಎಂದು ತಂದೆಯವರು ಹೇಳುತ್ತಿದ್ದರು. ನಾನು ಚಿಕ್ಕವನಿದ್ದಾಗ ಆ ಬಿಲ್ಲೆಯನ್ನು ಸೈಕಲ್ ನಡೆಸಲು ಬರುತ್ತದೆ ಎಂಬುದಕ್ಕೆ ಸರಕಾರ ಕೊಟ್ಟ ಪದಕವೆಂದೇ ತಿಳಿದಿದ್ದೆ. ಅದು ಹಾಗಲ್ಲ, ಬರಿಯ ತೆರಿಗೆಯ ರಸೀದಿ ಎಂದು ತಿಳಿದದ್ದು ಬಹಳ ವರ್ಷಗಳ ನಂತರ.

ಕಳೆದ ಮಳೆಗಾಲದಲ್ಲಿ ಪುಣೆಯ ನಮ್ಮ ಬಳಗದ ಹಿರಿಯರೊಬ್ಬರು, ನಾವೆಲ್ಲ ಮಾಸ್ತರು ಎಂದು ಕರೆಯುವವರು, ಸಂಜೆ ತರಕಾರಿ ತರಲು ಹೋದಾಗ ಎದುರು ದಿಕ್ಕಿನಿಂದ ಬಂದ ಸೈಕಲ್ಲೊಂದು ಬಡಿದು ಬಿದ್ದರು. ಮನೆಮನೆಗೆ ಸಾಮಾನು ತಲುಪಿಸುವ ಹುಡುಗನ ಬ್ಯಾಟರಿ ಸೈಕಲ್ಲು ಅದು. ತೊಡೆಯ ಎಲುಬು ಮುರಿದು ಮಾಸ್ತರು ಮೂರು ತಿಂಗಳು ಮಲಗಿದರು. ಮುಂದಿನ ತಿಂಗಳ ಬಳಗದ ಸಭೆಯಲ್ಲಿ ಓದಬೇಕಿದ್ದ ಪ್ರಬಂಧ ಹಾಗೇ ಉಳಿಯಿತು. ಇಡೀ ಸಂಜೆ ಒಂದೇ ಮಾತು. ಸ್ಕೂಟರಿಗೆ ಲೈಸೆನ್ಸು ಬೇಕು, ರಿಕ್ಷಾಕ್ಕೆ ಬೇಕು. ಅದೇ ರಸ್ತೆಯಲ್ಲಿ ಅದೇ ಜನರ ನಡುವೆ ಓಡುವ ಸೈಕಲ್ಲಿಗೆ ಮಾತ್ರ ಏಕೆ ಬೇಡ? ತರಬೇತಿಯಿಲ್ಲದೆ, ಪರೀಕ್ಷೆಯಿಲ್ಲದೆ ಯಾರು ಬೇಕಾದರೂ ರಸ್ತೆಗಿಳಿಯಬಹುದೇ? ಅಂದು ಕೈಯೆತ್ತಿ ಮತ ಹಾಕಿಸಿದ್ದರೆ ನಿರ್ಣಯ ಅವಿರೋಧವಾಗಿ ಅಂಗೀಕಾರವಾಗುತ್ತಿತ್ತು. ನನ್ನ ಕೈಯೂ ಮೇಲೇಳುತ್ತಿತ್ತು. ಮನೆಗೆ ಬಂದ ಮೇಲೆ ತಂದೆಯವರ ಬಿಲ್ಲೆ ನೆನಪಾಯಿತು. ಈ ಪ್ರಶ್ನೆಯನ್ನು ನಮಗಿಂತ ಮೊದಲು ಯಾರೂ ಕೇಳಿರಲಿಲ್ಲವೇ? ಕೇಳಿದ್ದರೆ ಏನು ಮಾಡಿದರು, ಅದರಿಂದ ಏನಾಯಿತು? ಈ ಲೇಖನ ಆ ಹುಡುಕಾಟದ ಫಲ.

ಹುಡುಕುವಾಗ ಮೊದಲು ಸ್ಪಷ್ಟವಾದದ್ದು, 'ಲೈಸೆನ್ಸು' ಎಂಬ ಒಂದೇ ಮಾತಿನಲ್ಲಿ ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ಕಟ್ಟಿಹಾಕುತ್ತೇವೆ ಎಂಬುದು. ಒಂದು, ತೆರಿಗೆ: ರಸ್ತೆ ಬಳಸುವುದಕ್ಕೆ ಕಟ್ಟುವ ಹಣ. ಎರಡು, ಗುರುತು: ಈ ವಾಹನ ಯಾರದು ಎಂದು ಪತ್ತೆ ಹಚ್ಚುವ ಸಂಖ್ಯೆ. ಮೂರು, ಅರ್ಹತೆ: ಈ ಮನುಷ್ಯನಿಗೆ ನಡೆಸಲು ಬರುತ್ತದೆ ಎಂಬ ಪ್ರಮಾಣ. ಮಾಸ್ತರರ ಪ್ರಸಂಗದಲ್ಲಿ ನಾವು ಕೇಳುತ್ತಿದ್ದದ್ದು ಮೂರನೆಯದನ್ನು. ಆದರೆ ಚರಿತ್ರೆಯಲ್ಲಿ ಸೈಕಲ್ ಲೈಸೆನ್ಸು ಎಂದು ಸಿಗುವುದು ಬಹುಪಾಲು ಮೊದಲೆರಡು ಮಾತ್ರ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಹಿಂದಕ್ಕೆ ಹೋಗೋಣ.

1817ರ ಜೂನ್ 12ರಂದು ಜರ್ಮನಿಯ ಮಾನ್‌ಹೈಮ್ ನಗರದಿಂದ ಕಾರ್ಲ್ ಡ್ರೈಸ್ ಎಂಬಾತ ತಾನೇ ರೂಪಿಸಿದ ಎರಡು ಗಾಲಿಯ ಮರದ ಯಂತ್ರವೊಂದರ ಮೇಲೆ ಕುಳಿತು ಹೊರಟ. ಅದಕ್ಕೆ ಪೆಡಲು ಇರಲಿಲ್ಲ. ನೆಲವನ್ನು ಕಾಲಿನಿಂದ ಒದ್ದು ಮುಂದೆ ಸಾಗಬೇಕು. ಸೈಕಲ್ಲಿನ ಮೂಲಪುರುಷನೆಂದು ಇದನ್ನು ಕರೆಯುತ್ತಾರೆ. ಅಂದಿನ ರಸ್ತೆಗಳು ಕುದುರೆಗಾಡಿಗಳ ಚಕ್ರಗಳಿಂದ ಕೊರೆದು ಹೋಗಿದ್ದವು. ಎರಡು ಗಾಲಿಯ ಮೇಲೆ ಸಮತೋಲ ಕಾಯಬೇಕಾದವನು ಆ ಕೊರಕಲಿನಲ್ಲಿ ನಡೆಸುವುದು ಅಸಾಧ್ಯ. ಆದ್ದರಿಂದ ಸವಾರರು ಸಮತಟ್ಟಾದ ಕಾಲುದಾರಿಗೆ ಹತ್ತಿದರು. ಅಲ್ಲಿ ನಡೆಯುವವರಿಗೆ ತೊಂದರೆಯಾಯಿತು, ದೂರು ಹೋಯಿತು, ನಿಷೇಧ ಬಂತು. ಮೊದಲ ಸವಾರಿ ನಡೆದ ಮಾನ್‌ಹೈಮಿನಲ್ಲಿಯೇ ಆ ವರ್ಷ ಮುಗಿಯುವ ಮೊದಲು ಕಾಲುದಾರಿಯ ಮೇಲೆ ಈ ಯಂತ್ರಕ್ಕೆ ತಡೆ ಬಿತ್ತು. ಮುಂದಿನ ಎರಡು ವರ್ಷಗಳಲ್ಲಿ ಮಿಲಾನ್, ಫಿಲಡೆಲ್ಫಿಯಾ, ನ್ಯೂಯಾರ್ಕ್. 1820ರಲ್ಲಿ ನಮ್ಮ ಕಲ್ಕತ್ತೆಯೂ ಆ ಪಟ್ಟಿಗೆ ಸೇರಿತು. ಭಾರತದ ಚರಿತ್ರೆಯಲ್ಲಿ ಎರಡು ಗಾಲಿಯ ವಾಹನ ಮೊದಮೊದಲು ಕಾಣಿಸಿಕೊಳ್ಳುವುದು ಒಂದು ನಿಷೇಧದ ಆಜ್ಞೆಯಲ್ಲಿ ಎಂಬುದು ಗಮನಿಸತಕ್ಕ ಸಂಗತಿ.

ಇದೇ ಕಾಲದಲ್ಲಿ ಇನ್ನೊಂದು ಬಗೆಯ ಉತ್ತರವೂ ಹುಟ್ಟಿತು. ಲಂಡನ್ನಿನ ಗಾಡಿ ತಯಾರಕ ಡೆನಿಸ್ ಜಾನ್ಸನ್ ಈ ಯಂತ್ರವನ್ನು ಸುಧಾರಿಸಿ ಮಾರತೊಡಗಿದಾಗ, 1819ರಲ್ಲಿ ಅದನ್ನು ನಡೆಸಲು ಕಲಿಸುವ ಶಾಲೆಯನ್ನೂ ತೆರೆದ. ನಿಷೇಧ ಮತ್ತು ಶಾಲೆ ಎರಡೂ ಸರಿಸುಮಾರು ಒಂದೇ ಹೊತ್ತಿನಲ್ಲಿ ಜನಿಸಿದವು. ನಡುವೆ ಮೂರನೆಯದೊಂದು ಉಪಾಯವಿತ್ತು, ರಸ್ತೆಯನ್ನು ಸರಿಪಡಿಸುವುದು. ಅದನ್ನು ಅಂದು ಯಾರೂ ಯೋಚಿಸಲಿಲ್ಲ. ಕೊರಕಲು ಬಿದ್ದ ರಸ್ತೆ ಕಾರಣವಾಗಿ ಕಾಲುದಾರಿಗೆ ಹತ್ತಿದವನನ್ನು ಶಿಕ್ಷಿಸಿದರು. ರಸ್ತೆ ಹಾಗೆಯೇ ಉಳಿಯಿತು. ಪುಣೆಯ ರಸ್ತೆಯಲ್ಲಿ ಅರ್ಧ ಮೈಲು ಸುತ್ತು ತಪ್ಪಿಸಲು ಎದುರು ದಿಕ್ಕಿನಲ್ಲಿ ಬರುವ ಸೈಕಲ್ಲನ್ನು ನೋಡುವಾಗ ನನಗೆ ಈ ಹಳೆಯ ಕಥೆ ನೆನಪಾಗುತ್ತದೆ. ಅವನ ತಪ್ಪು ತಪ್ಪೇ. ಆದರೆ ಆ ತಪ್ಪಿಗೆ ಅವನೊಬ್ಬನೇ ಕರ್ತೃವಲ್ಲ.

1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಗಾಲಿಗೆ ಪೆಡಲು ಕೂಡಿಸಿದ ಯಂತ್ರ ಬಂತು. ಅದರ ಬೆನ್ನಿಗೆ ಯೂರೋಪು ಅಮೆರಿಕಗಳ ಪಟ್ಟಣಗಳಲ್ಲಿ ಸವಾರಿ ಕಲಿಸುವ ಒಳಾಂಗಣಗಳು ಹುಟ್ಟಿಕೊಂಡವು. ಕಾನೂನು ಮಾತ್ರ ಗೊಂದಲದಲ್ಲಿತ್ತು: ಇದು ಆಟಿಕೆಯೇ, ಕುದುರೆಯೇ, ಗಾಡಿಯೇ? 1879ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು ವೇಗವಾಗಿ ಸೈಕಲ್ ಓಡಿಸಿದವನೊಬ್ಬನ ಮೊಕದ್ದಮೆಯಲ್ಲಿ, ಸೈಕಲ್ಲು ಕೂಡ ಗಾಡಿಯೇ ಎಂದು ತೀರ್ಪಿತ್ತಿತು. 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಅದನ್ನೇ ಕಾಯ್ದೆಯಾಗಿಸಿತು. ಇದರ ಅರ್ಥ ದೊಡ್ಡದು. ಗಾಡಿ ಎಂದರೆ ಅದಕ್ಕೆ ರಸ್ತೆಯ ಮೇಲೆ ಹಕ್ಕಿದೆ, ಜೊತೆಗೆ ರಸ್ತೆಯ ನಿಯಮಗಳ ಹೊಣೆಯೂ ಇದೆ. ಹಕ್ಕು ಹೊಣೆಗಳೆರಡೂ ಪರೀಕ್ಷೆಯಿಲ್ಲದೆ ಬಂದವು. ಏಕೆಂದರೆ ಎತ್ತಿನ ಗಾಡಿ, ಕುದುರೆಗಾಡಿ ಹೊಡೆಯುವವನಿಗೂ ಅಂದು ಪರೀಕ್ಷೆ ಇರಲಿಲ್ಲ.

1885ರಲ್ಲಿ ಸ್ಟಾರ್ಲಿಯ 'ರೋವರ್', 1888ರಲ್ಲಿ ಡನ್‌ಲಪ್ಪನ ಗಾಳಿ ತುಂಬಿದ ಟೈರು. ಇಂದು ನಾವು ಕಾಣುವ ಸೈಕಲ್ಲಿನ ರೂಪ ಅಲ್ಲಿಗೆ ಸಿದ್ಧವಾಯಿತು. ಮುಂದಿನ ಹತ್ತು ವರ್ಷ ಸೈಕಲ್ಲಿನ ಸುವರ್ಣಕಾಲ. ಆ ಕಾಲದ ಇಬ್ಬರು ವಿದ್ಯಾರ್ಥಿಗಳನ್ನು ನೆನೆಯಬೇಕು. ಒಬ್ಬರು ಅಮೆರಿಕದ ಮದ್ಯಪಾನ ವಿರೋಧಿ ಚಳುವಳಿಯ ನಾಯಕಿ ಫ್ರಾನ್ಸಿಸ್ ವಿಲ್ಲರ್ಡ್. ಐವತ್ಮೂರನೆಯ ವಯಸ್ಸಿನಲ್ಲಿ ಸೈಕಲ್ ಕಲಿತು, ಆ ಕಲಿಕೆಯ ಕುರಿತೇ 1895ರಲ್ಲಿ ಒಂದು ಪುಸ್ತಕ ಬರೆದರು. ದಿನಕ್ಕೆ ಕಾಲು ಗಂಟೆಯಷ್ಟು ಅಭ್ಯಾಸದಂತೆ ಅವರಿಗೆ ಸುಮಾರು ಮೂರು ತಿಂಗಳು ಹಿಡಿಯಿತು. ಇನ್ನೊಬ್ಬರು ಲಿಯೋ ಟಾಲ್‌ಸ್ಟಾಯ್. ಏಳು ವರ್ಷ ತುಂಬದ ಕೊನೆಯ ಮಗ ವಾನಿಚ್ಕಾ 1895ರಲ್ಲಿ ತೀರಿಕೊಂಡ ದುಃಖದ ನಡುವೆ, ಅರವತ್ತೇಳನೆಯ ವಯಸ್ಸಿನಲ್ಲಿ ಅವರು ಮಾಸ್ಕೋದಲ್ಲಿ ಸೈಕಲ್ ಕಲಿತರು. ನಗರದ ಬೀದಿಗಳಲ್ಲಿ ಸವಾರಿ ಮಾಡಲು ಮಾಸ್ಕೋ ನಗರಾಡಳಿತದಿಂದ ಅವರು ಅನುಮತಿ ಪತ್ರವನ್ನೂ ಪಡೆಯಬೇಕಾಯಿತು. ಲೋಕವೆಲ್ಲ ಓದುವ ಗ್ರಂಥಕರ್ತನಾದರೇನು, ಬೀದಿಗಿಳಿಯಲು ಕಾಗದ ಬೇಕು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೋಟಾರು ಬಂತು. ಪ್ರಶ್ನೆಯ ಸ್ವರೂಪವೇ ಬದಲಾಯಿತು. ನಾವು ಇಂದು ಡ್ರೈವಿಂಗ್ ಲೈಸೆನ್ಸು ಎಂದರೆ ಪರೀಕ್ಷೆ ಎಂದೇ ಭಾವಿಸುತ್ತೇವೆ. ಆದರೆ ಬ್ರಿಟನ್ನಿನಲ್ಲಿ 1903ರ ಕಾಯ್ದೆ ತಂದ ಚಾಲನಾ ಪರವಾನಗಿಗೆ ಯಾವ ಪರೀಕ್ಷೆಯೂ ಇರಲಿಲ್ಲ. ಐದು ಶಿಲ್ಲಿಂಗು ಕಟ್ಟಿದರೆ ಸಾಕು. ಅದೂ ಒಂದು ಬಗೆಯ ಬಿಲ್ಲೆಯೇ. ರಸ್ತೆಗಳಲ್ಲಿ ಸಾಯುವವರ ಸಂಖ್ಯೆ ಏರುತ್ತ ಹೋಗಿ 1934ರಲ್ಲಿ 7,343 ತಲುಪಿದ ಮೇಲೆ, 1935ರ ಜೂನ್ 1ರಿಂದ ಅಲ್ಲಿ ಚಾಲನಾ ಪರೀಕ್ಷೆ ಕಡ್ಡಾಯವಾಯಿತು. ಹಾಗಾದರೆ ಸೈಕಲ್ಲಿಗೇಕೆ ಆಗಲಿಲ್ಲ?

ಉತ್ತರ ಲೆಕ್ಕದಲ್ಲಿದೆ. ಸವಾರನೂ ಸೇರಿ 90 ಕಿಲೋ ತೂಗುವ ಸೈಕಲ್ಲು ಗಂಟೆಗೆ 15 ಕಿಲೋಮೀಟರು ವೇಗದಲ್ಲಿ ಹೋಗುತ್ತಿದೆ ಎನ್ನೋಣ. 1,200 ಕಿಲೋ ತೂಕದ ಕಾರು 50 ಕಿಲೋಮೀಟರು ವೇಗದಲ್ಲಿ. ಚಲನೆಯ ಶಕ್ತಿ ತೂಕದೊಡನೆ ನೇರವಾಗಿಯೂ, ವೇಗದೊಡನೆ ವರ್ಗದ ಪ್ರಮಾಣದಲ್ಲಿಯೂ ಏರುತ್ತದೆ. ಲೆಕ್ಕ ಹಾಕಿದರೆ ಕಾರಿನ ಹೊಡೆತ ಸೈಕಲ್ಲಿನದಕ್ಕಿಂತ ಸುಮಾರು 150 ಪಟ್ಟು ಹೆಚ್ಚು. ಪರವಾನಗಿಯ ನ್ಯಾಯ ನಿಂತಿರುವುದು ಇದರ ಮೇಲೆ. ತನ್ನ ತಪ್ಪಿನಿಂದ ಇನ್ನೊಬ್ಬರ ಪ್ರಾಣಕ್ಕೆ ಎರವಾಗುವ ಯಂತ್ರವನ್ನು ಕೈಗೆ ಕೊಡುವ ಮೊದಲು ಸಮಾಜ ಪರೀಕ್ಷೆ ಕೇಳುತ್ತದೆ. ಸೈಕಲ್ ಸವಾರನ ತಪ್ಪಿಗೆ ಬಹುಪಾಲು ಬೆಲೆ ತೆರುವವನು ಅವನೇ. 'ಬಹುಪಾಲು' ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಮಾಸ್ತರರ ಎಲುಬು ಮುರಿದದ್ದು ಸುಳ್ಳಲ್ಲ.

ಈಗ ಸೈಕಲ್ಲಿನ ನಾಡೆಂದೇ ಹೆಸರಾದ ನೆದರ್‌ಲ್ಯಾಂಡ್ಸಿಗೆ ಬರೋಣ. ಅಲ್ಲಿ 1924ರಲ್ಲಿ ಸೈಕಲ್ ತೆರಿಗೆ ಬಂತು. ಕಟ್ಟಿದವರಿಗೆ ಒಂದು ಲೋಹದ ಬಿಲ್ಲೆ. ನಮ್ಮ ತಂದೆಯವರ ಬಿಲ್ಲೆಯ ದೂರದ ಬಂಧು. ಅದು 1941ರವರೆಗೆ ನಡೆಯಿತು. ಇದರಿಂದ ತೀರ ಬೇರೆಯಾದ ಇನ್ನೊಂದು ಪದ್ಧತಿ 1932ರಲ್ಲಿ ಆರಂಭವಾಯಿತು: ಶಾಲೆಯ ಮಕ್ಕಳಿಗೆ ಸಂಚಾರ ಪರೀಕ್ಷೆ. ಪ್ರಾಥಮಿಕ ಶಾಲೆ ಮುಗಿಸುವ ಹೊತ್ತಿಗೆ ಮಕ್ಕಳು ನಿಯಮಗಳ ಲಿಖಿತ ಪರೀಕ್ಷೆ ಬರೆಯುತ್ತಾರೆ. ನಿಜವಾದ ರಸ್ತೆಯಲ್ಲಿ ಗೊತ್ತುಮಾಡಿದ ದಾರಿಯಲ್ಲಿ ಸೈಕಲ್ ನಡೆಸಿ ತೋರಿಸುತ್ತಾರೆ. ತೇರ್ಗಡೆಯಾಗದಿದ್ದರೆ ಸೈಕಲ್ಲನ್ನು ಯಾರೂ ಕಸಿದುಕೊಳ್ಳುವುದಿಲ್ಲ. ಈ ಪರೀಕ್ಷೆ ಬಾಗಿಲು ಕಾಯುವ ಪಹರೆಯವನಲ್ಲ, ಕೈಹಿಡಿದು ದಾಟಿಸುವ ಮೇಷ್ಟ್ರು.

ಆದರೆ ಇಲ್ಲೇ ಚರಿತ್ರೆ ನಮ್ಮನ್ನು ತಡೆದು ನಿಲ್ಲಿಸುತ್ತದೆ. ನಾಲ್ಕು ದಶಕ ಹೀಗೆ ಮಕ್ಕಳನ್ನು ತರಬೇತುಗೊಳಿಸಿದ ಅದೇ ದೇಶದಲ್ಲಿ 1971ರಲ್ಲಿ ಸುಮಾರು 3,300 ಮಂದಿ ರಸ್ತೆಗಳಲ್ಲಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಯುದ್ಧದ ನಂತರದ ಸಮೃದ್ಧಿಯಲ್ಲಿ ಕಾರುಗಳು ಹೆಚ್ಚಿದವು, ರಸ್ತೆಗಳನ್ನು ಕಾರಿಗೆಂದು ಅಗಲಿಸಿದರು, ಸೈಕಲ್ಲಿಗೆ ಜಾಗ ಉಳಿಯಲಿಲ್ಲ. ತನ್ನ ಮಗಳನ್ನು ಅಪಘಾತದಲ್ಲಿ ಕಳೆದುಕೊಂಡ ಪತ್ರಕರ್ತನೊಬ್ಬ 1972ರಲ್ಲಿ ಪತ್ರಿಕೆಯಲ್ಲಿ ಬರೆದ ಲೇಖನದಿಂದ 'ಮಕ್ಕಳ ಕೊಲೆ ನಿಲ್ಲಿಸಿ' ಎಂಬ ಚಳುವಳಿ ಹುಟ್ಟಿತು. ತಾಯಂದಿರು ಮಕ್ಕಳೊಡನೆ ರಸ್ತೆಗಿಳಿದರು. 1973ರ ತೈಲ ಬಿಕ್ಕಟ್ಟು ಅವರ ಮಾತಿಗೆ ಬಲ ತಂದಿತು. ಆಮೇಲೆ ಬದಲಾದದ್ದು ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲ, ರಸ್ತೆ: ಸೈಕಲ್ಲಿಗೆ ಪ್ರತ್ಯೇಕ ಹಾದಿ, ವಸತಿ ಬಡಾವಣೆಗಳಲ್ಲಿ ಕಾರಿನ ವೇಗಕ್ಕೆ ಮಿತಿ, ಚೌಕಗಳ ಮರುರಚನೆ. ಕಲಿಸುವುದು ಅಗತ್ಯ, ಕಲಿಸಿದರಷ್ಟೇ ಸಾಲದು ಎಂಬ ಪಾಠವನ್ನು ಡಚ್ಚರು ಮಕ್ಕಳ ಪ್ರಾಣ ತೆತ್ತು ಕಲಿತರು.

ಅದೇ ನಾಡಿನ ಇನ್ನೊಂದು ನೆನಪು ಬೇರೆ ಬಗೆಯದು. ಜರ್ಮನ್ ಆಕ್ರಮಣದ ಕಾಲದಲ್ಲಿ, 1942ರ ಬೇಸಿಗೆಯಲ್ಲಿ, ಯಹೂದ್ಯರು ತಮ್ಮ ಸೈಕಲ್ಲುಗಳನ್ನು ಒಪ್ಪಿಸಬೇಕೆಂದು ಆಜ್ಞೆಯಾಯಿತು. ಯಹೂದ್ಯರ ಮೇಲೆ ಹೇರಿದ ನಿರ್ಬಂಧಗಳ ನಡುವೆ ಇದನ್ನೂ ಆನ್ ಫ್ರಾಂಕ್ ತನ್ನ ದಿನಚರಿಯಲ್ಲಿ ಬರೆದಿದ್ದಾಳೆ. ಸೈಕಲ್ಲು ಬಡವನ ಕಾಲು. ಒಂದು ಸಮುದಾಯದ ಕಾಲು ಕಟ್ಟಬೇಕೆಂದಾಗ ಆಳುವವರ ಕಣ್ಣು ಮೊದಲು ಅದರ ಮೇಲೆಯೇ ಬೀಳುತ್ತದೆ. ಅನುಮತಿ ಕೊಡುವ ಅಧಿಕಾರವಿರುವಲ್ಲಿ ನಿರಾಕರಿಸುವ ಅಧಿಕಾರವೂ ಇರುತ್ತದೆಂಬುದನ್ನು ಮರೆಯಬಾರದು.

ಬ್ರಿಟನ್ನಿನಲ್ಲಿ ಮಕ್ಕಳ ಸೈಕಲ್ ಸಾಮರ್ಥ್ಯ ಪರೀಕ್ಷೆ 1947ರಲ್ಲಿ ಅಪಘಾತ ತಡೆ ಸಂಸ್ಥೆಯೊಂದರ ಮೂಲಕ ಶುರುವಾಗಿ, 1958ರಲ್ಲಿ ರಾಷ್ಟ್ರೀಯ ಯೋಜನೆಯಾಯಿತು. ಶಾಲೆಯ ಅಂಗಳದಲ್ಲಿ ಸೀಮೆಸುಣ್ಣದ ಗೆರೆಗಳ ನಡುವೆ ಸೈಕಲ್ ನಡೆಸಿ ಬ್ಯಾಡ್ಜು ಪಡೆದ ತಲೆಮಾರುಗಳೇ ಅಲ್ಲಿವೆ. 2007ರಲ್ಲಿ ಅದರ ಜಾಗಕ್ಕೆ 'ಬೈಕಬಿಲಿಟಿ' ಎಂಬ ಮೂರು ಹಂತಗಳ ತರಬೇತಿ ಬಂತು: ಮೊದಲು ಅಂಗಳ, ಆಮೇಲೆ ಶಾಂತ ಬೀದಿ, ಕೊನೆಗೆ ದಟ್ಟ ಸಂಚಾರದ ರಸ್ತೆ. ಇವಾವುವೂ ಕಾನೂನಿನ ಕಡ್ಡಾಯವಲ್ಲ. ಕೆನಡಾದ ಟೊರಾಂಟೊ ನಗರ ಮಾತ್ರ ಕಡ್ಡಾಯದ ಹಾದಿ ಹಿಡಿದು ನೋಡಿತು. 1935ರಲ್ಲಿ ಸೈಕಲ್ ಲೈಸೆನ್ಸು ತಂದು 1957ರಲ್ಲಿ ರದ್ದುಮಾಡಿತು. ಎಳೆಯ ಮಕ್ಕಳು ತಿಳಿಯದೆಯೇ ಕಾನೂನುಭಂಗ ಮಾಡಿದವರಾಗುತ್ತಿದ್ದಾರೆ, ಪೊಲೀಸರಿಗೂ ಮಕ್ಕಳಿಗೂ ನಡುವೆ ಕಹಿ ಬೆಳೆಯುತ್ತಿದೆ ಎಂಬುದು ರದ್ದತಿಗೆ ಕೊಟ್ಟ ಕಾರಣಗಳಲ್ಲೊಂದು.

ಪರೀಕ್ಷೆಯನ್ನು ನಿಜಕ್ಕೂ ಕಾನೂನಾಗಿಸಿದ ದೇಶಗಳೂ ಇವೆ. ಪೋಲೆಂಡಿನಲ್ಲಿ ಹತ್ತರಿಂದ ಹದಿನೆಂಟು ವರ್ಷದೊಳಗಿನವರು ರಸ್ತೆಯಲ್ಲಿ ಸೈಕಲ್ ನಡೆಸಲು ಸೈಕಲ್ ಕಾರ್ಡು ಪಡೆಯಬೇಕು. ಆಸ್ಟ್ರಿಯಾದಲ್ಲಿ ಹನ್ನೆರಡು ವರ್ಷ ತುಂಬದ ಮಕ್ಕಳು ದೊಡ್ಡವರ ಜೊತೆಯಿಲ್ಲದೆ ಸೈಕಲ್ ನಡೆಸಬೇಕಾದರೆ ಪರೀಕ್ಷೆ ಮುಗಿಸಿ ಪ್ರಮಾಣಪತ್ರ ಹೊಂದಿರಬೇಕು. ಜರ್ಮನಿಯಲ್ಲಿ ನಾಲ್ಕನೆಯ ತರಗತಿಯ ಹೊತ್ತಿಗೆ ಪೊಲೀಸರೂ ಶಿಕ್ಷಕರೂ ಕೂಡಿ ಸೈಕಲ್ ಪಾಠ ಮಾಡುವುದು ಶಾಲಾ ಜೀವನದ ಭಾಗ. ಇವೆಲ್ಲದರಲ್ಲೂ ಒಂದು ಸಾಮಾನ್ಯ ಅಂಶ ಕಾಣುತ್ತದೆ. ಪರೀಕ್ಷೆ ಇರುವುದು ಮಕ್ಕಳಿಗೆ. ಅದು ನಡೆಯುವುದು ಶಾಲೆಯ ಮೂಲಕ. ದುಡಿಯಲು ಹೋಗುವ ವಯಸ್ಕನನ್ನು ತಡೆದು ಕಾಗದ ಕೇಳುವ ಪದ್ಧತಿ ಇವುಗಳಲ್ಲಿ ಇಲ್ಲ. ಜಪಾನು ಇನ್ನೊಂದು ಮಾರ್ಗ ಹಿಡಿಯಿತು: 2015ರಿಂದ, ಮೂರು ವರ್ಷಗಳಲ್ಲಿ ಎರಡು ಬಾರಿ ಅಪಾಯಕಾರಿ ಉಲ್ಲಂಘನೆ ಮಾಡಿ ಸಿಕ್ಕಿಬಿದ್ದ ಸವಾರ ಕಡ್ಡಾಯವಾಗಿ ತರಬೇತಿಗೆ ಹಾಜರಾಗಬೇಕು. ಎಲ್ಲರನ್ನೂ ಮೊದಲೇ ತಡೆಯುವುದಿಲ್ಲ. ತಪ್ಪು ಮಾಡಿದವನನ್ನು ತರಗತಿಗೆ ಕಳಿಸುತ್ತದೆ.

ಇನ್ನು ನಮ್ಮ ನೆಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಲ್ಲಿ ಸೈಕಲ್ಲು ದೊರೆಗಳ, ಸಾಹೇಬರ ಸೊತ್ತು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮುಂಬಯಿಯ ಹಿಂದ್ ಸೈಕಲ್ಸ್, ಮದರಾಸಿನ ಟಿ.ಐ. ಸೈಕಲ್ಸ್, ಆಸನ್‌ಸೋಲಿನ ಸೆನ್ ರ್‍ಯಾಲಿ, ಸೋನಿಪತದ ಅಟ್ಲಾಸ್, ಲುಧಿಯಾನದ ಹೀರೋ ಇವುಗಳಿಂದ ಅದು ಗುಮಾಸ್ತರ, ಗಿರಣಿ ಕಾರ್ಮಿಕರ, ಹಾಲಿನವರ, ಅಂಚೆಯವರ ಬದುಕಿಗೆ ಬಂತು. ಪುರಸಭೆಗಳು ಬಿಲ್ಲೆ ಕೊಟ್ಟವು. ರಾತ್ರಿ ದೀಪವಿಲ್ಲದಿದ್ದರೆ ದಂಡ, ಇಬ್ಬರು ಕೂತರೆ ದಂಡ. ಸೈಕಲ್ ಬರುತ್ತದೆಯೇ ಎಂದು ಮಾತ್ರ ಯಾರೂ ಪರೀಕ್ಷಿಸಲಿಲ್ಲ. ಆ ಕೆಲಸವನ್ನು ಬಾಡಿಗೆ ಸೈಕಲ್ ಅಂಗಡಿಗಳು, ಅಣ್ಣಂದಿರು, ಸೋದರಮಾವಂದಿರು ಮಾಡಿದರು. ಸೀಟು ಎಟುಕದ ಹುಡುಗರು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿದು, ಮೊಣಕಾಲು ಕೆತ್ತಿಸಿಕೊಂಡು ಕಲಿತರು. ಮೈಸೂರು ಕಡೆಯವರು ಸೈಕಲ್ 'ತುಳಿದರು', ನಮ್ಮ ಕಡೆಯವರು 'ಹೊಡೆದರು'. ಕ್ರಿಯಾಪದ ಬೇರೆ, ಗಾಯ ಒಂದೇ. ಸಮತೋಲ ಕಲಿತರು, ನಿಜ. ಚೌಕದಲ್ಲಿ ಬಲಕ್ಕೆ ಹೊರಳುವ ಮೊದಲು ಹಿಂದೆ ನೋಡುವುದನ್ನು, ಕೈ ತೋರಿಸುವುದನ್ನು ಎಷ್ಟು ಜನ ಕಲಿತರು?

ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಇದಕ್ಕೆ ಉತ್ತರದ ಒಂದು ಎಳೆಯಿದೆ. ಯಂತ್ರಚಾಲಿತ ವಾಹನಗಳು ಸಮವರ್ತಿ ಪಟ್ಟಿಯಲ್ಲಿವೆ. ಯಂತ್ರಚಾಲಿತವಲ್ಲದ ವಾಹನಗಳು ರಾಜ್ಯಗಳ ಪಟ್ಟಿಯಲ್ಲಿ. ಹೀಗಾಗಿ 1988ರ ಮೋಟಾರು ವಾಹನ ಕಾಯ್ದೆಯ ಚಾಲನಾ ಪರವಾನಗಿ ಸೈಕಲ್ಲನ್ನು ಮುಟ್ಟುವುದಿಲ್ಲ. ಸೈಕಲ್ಲು ರಾಜ್ಯಗಳಿಗೆ, ರಾಜ್ಯಗಳಿಂದ ಪುರಸಭೆಗಳಿಗೆ ಇಳಿಯಿತು. ಪುರಸಭೆಗಳಿಗೆ ಅದು ತೆರಿಗೆಯ ಬಾಬತ್ತಾಗಿ ಕಂಡಿತೇ ಹೊರತು ಕಲಿಕೆಯ ವಿಷಯವಾಗಿ ಕಾಣಲಿಲ್ಲ. ಬಿಲ್ಲೆಯ ಕಾಲ ಮುಗಿದ ಮೇಲೆ ಆ ಅಲ್ಪ ಸಂಬಂಧವೂ ಕಡಿಯಿತು.

ಆದರೆ ನಮ್ಮಲ್ಲಿ ಬರೆಯದ ಪರವಾನಗಿಯೊಂದು ಇತ್ತು, ಅದನ್ನು ಹೇಳದೆ ಈ ಚರಿತ್ರೆ ಪೂರ್ಣವಾಗದು. ಅನೇಕ ಹಳ್ಳಿಗಳಲ್ಲಿ ದಲಿತನಾದವನು ಮೇಲ್ಜಾತಿಯವರ ಓಣಿ ಬಂದಾಗ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗಬೇಕಿತ್ತು. ಹೆಣ್ಣುಮಗಳು ಸೈಕಲ್ ಹತ್ತಿದರೆ ಊರೆಲ್ಲ ಮಾತು. ಇವರಿಗೆ ರಸ್ತೆಯನ್ನು ನಿರಾಕರಿಸಲು ಯಾವ ಕಚೇರಿಯ ಮೊಹರೂ ಬೇಕಿರಲಿಲ್ಲ. ನಾಳೆ ಒಂದು ಪರೀಕ್ಷೆಯ ಕಾಗದ ಕಡ್ಡಾಯವಾದರೆ, ಅದನ್ನು ಪಡೆಯಲು ಜಿಲ್ಲಾ ಕೇಂದ್ರಕ್ಕೆ ಒಂದು ದಿನದ ಕೂಲಿ ಬಿಟ್ಟು ಹೋಗಬೇಕಾದವರು ಯಾರು, ಚೌಕದಲ್ಲಿ ನಿಲ್ಲಿಸಿ ಅದನ್ನು ಕೇಳುವುದು ಯಾರನ್ನು ಎಂಬುದನ್ನು ಊಹಿಸಲು ಹೆಚ್ಚಿನ ಬುದ್ಧಿ ಬೇಕಿಲ್ಲ. ಹಳೆಯ ಬೇಲಿಯನ್ನು ಹೊಸ ಕಂಬಗಳ ಮೇಲೆ ಕಟ್ಟಿದಂತಾದೀತು.

ಆ ಬೇಲಿ ಮುರಿದದ್ದು ಹೇಗೆ ಎಂಬುದಕ್ಕೆ ಚೆನ್ನೈ ಬಳಗದ ಗೆಳೆಯರಿಗೆ ಪರಿಚಿತವಾದ ಉದಾಹರಣೆ ಪುದುಕ್ಕೋಟ್ಟೈ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಆ ಹಿಂದುಳಿದ ಜಿಲ್ಲೆಯಲ್ಲಿ 'ಅರಿವೊಳಿ ಇಯಕ್ಕಂ' ಎಂಬ ಸಾಕ್ಷರತಾ ಆಂದೋಲನ ನಡೆಯಿತು. ಜಿಲ್ಲಾಧಿಕಾರಿಯಾಗಿದ್ದ ಶೀಲಾ ರಾಣಿ ಚುಂಕತ್ ಅವರು ಅಕ್ಷರದ ಜೊತೆಗೆ ಸೈಕಲ್ಲನ್ನೂ ಸೇರಿಸಿದರು. ಕೃಷಿ ಕೂಲಿಗಳು, ಕಲ್ಲುಗಣಿಯ ಹೆಂಗಸರು, ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕಿಯರು ಶಿಬಿರಗಳಲ್ಲಿ ಸೈಕಲ್ ಕಲಿತರು. ಕಲಿತವರು ಇತರರಿಗೆ ಕಲಿಸಿದರು. ಪತ್ರಕರ್ತ ಪಿ. ಸಾಯಿನಾಥ್ ಅವರ ವರದಿಯ ಪ್ರಕಾರ ಲಕ್ಷಕ್ಕೂ ಹೆಚ್ಚು ಗ್ರಾಮೀಣ ಮಹಿಳೆಯರು ಹೀಗೆ ಕಲಿತರು. 1992ರ ಮಹಿಳಾ ದಿನದಂದು 1,500 ಮಂದಿ ಹೆಂಗಸರು ಗಂಟೆ ಬಾರಿಸುತ್ತ ಪುದುಕ್ಕೋಟ್ಟೈ ಪಟ್ಟಣದ ಬೀದಿಗಳಲ್ಲಿ ಸೈಕಲ್ಲಿನಲ್ಲಿ ಸಾಗಿದರು. ನನಗೆ ತಿಳಿದಂತೆ ಭಾರತದಲ್ಲಿ ನಡೆದ ದೊಡ್ಡ ಸೈಕಲ್ ತರಬೇತಿಗಳಲ್ಲಿ ಇದೊಂದು. ಅದರ ಉದ್ದೇಶ ಯಾರನ್ನೂ ಸೋಸಿ ತೆಗೆಯುವುದಾಗಿರಲಿಲ್ಲ. ಇನ್ನೂ ರಸ್ತೆಗೆ ಬಾರದವರನ್ನು ಕರೆತರುವುದಾಗಿತ್ತು. ತರಬೇತಿ ಎಂಬ ಒಂದೇ ಪದ ಎರಡು ವಿರುದ್ಧ ಕೆಲಸ ಮಾಡಬಲ್ಲುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

2006ರ ವೇಳೆಗೆ ಬಿಹಾರ ಸರಕಾರ ಒಂಬತ್ತನೆಯ ತರಗತಿಯ ಹುಡುಗಿಯರಿಗೂ, ಕರ್ನಾಟಕ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೂ ಸೈಕಲ್ ಕೊಡತೊಡಗಿದವು. ಬಿಹಾರದ ಯೋಜನೆಯನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್, ಪ್ರೌಢಶಾಲೆಗೆ ಸಕಾಲದಲ್ಲಿ ಸೇರುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಏರಿತೆಂದು ಕಂಡುಕೊಂಡರು. ಆ ಹುಡುಗಿಯರ ಮುಂದೆ ಪರೀಕ್ಷೆಯ ಬಾಗಿಲೊಂದನ್ನು ನಿಲ್ಲಿಸಿದ್ದರೆ ಎಷ್ಟು ಮಂದಿ ಮನೆಯಲ್ಲಿಯೇ ಉಳಿಯುತ್ತಿದ್ದರೋ. ಅದೇ ಹೊತ್ತಿಗೆ, ಸೈಕಲ್ ಕೈಗೆ ಬಂದ ದಿನವೇ ಹೆದ್ದಾರಿಯ ಅಂಚಿನಲ್ಲಿ ಹೇಗೆ ನಡೆಸಬೇಕೆಂದು ಹೇಳಿಕೊಡುವುದು ಶಾಲೆಯ ಕರ್ತವ್ಯವಾಗಬೇಕು ಎಂಬುದನ್ನೂ ಅಲ್ಲಗಳೆಯಲಾಗದು. ಭೌತಶಾಸ್ತ್ರದ ಪಾಠದಲ್ಲಿ ಘರ್ಷಣೆ ಓದುವ ಮಗುವಿಗೆ ಮಳೆಯಲ್ಲಿ ಬ್ರೇಕು ಹಿಡಿಯುವ ಬಗೆ ತಿಳಿಯಬಾರದೇ?

ಇತ್ತ ಕೊಲ್ಕತ್ತೆ ತನ್ನ ಹಳೆಯ ನೆನಪಿಗೆ ಮರಳಿತು. 2013ರಲ್ಲಿ ಅಲ್ಲಿನ ಪೊಲೀಸರು 174 ರಸ್ತೆಗಳಲ್ಲಿ ಸೈಕಲ್ ಸಂಚಾರವನ್ನು ನಿರ್ಬಂಧಿಸಿದರು. ಹಾಲು, ಪತ್ರಿಕೆ, ಸಾಮಾನು ಸಾಗಿಸುವವರು ಬೀದಿಗಿಳಿದು ಪ್ರತಿಭಟಿಸಿದರು; ಆಮೇಲೆ ಪಟ್ಟಿ ಕುಗ್ಗಿತು. 1820ರ ಆಜ್ಞೆಗೂ ಇದಕ್ಕೂ ನಡುವೆ ಎರಡು ಶತಮಾನದ ಅಂತರ, ತರ್ಕ ಒಂದೇ. ರಸ್ತೆಯಲ್ಲಿ ಘರ್ಷಣೆಯಾದಾಗ ದುರ್ಬಲನಾದವನನ್ನು ಹೊರಗೆ ಕಳಿಸುವುದು ಎಲ್ಲಕ್ಕಿಂತ ಸುಲಭವಾದ ಪರಿಹಾರ.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ. ಅವರಲ್ಲಿ ಸುಮಾರು ಐದರಲ್ಲೊಂದು ಭಾಗ ಪಾದಚಾರಿಗಳು. ಸೈಕಲ್ ಸವಾರರು ನಾಲ್ಕು ಸಾವಿರಕ್ಕೂ ಹೆಚ್ಚು. ಈ ಸಾವುಗಳನ್ನು ಸೈಕಲ್ ಸವಾರನ ಪರೀಕ್ಷೆ ತಡೆದೀತೆಂದು ನಂಬುವುದು ಕಷ್ಟ. ಮೋಟಾರು ನಡೆಸುವವರೆಲ್ಲ ಪರೀಕ್ಷೆ ಪಾಸಾದವರೇ ತಾನೆ.

ಹಾಗೆಂದು ನನ್ನ ಪಕ್ಷದಲ್ಲಿರುವ ಬಿರುಕನ್ನು ಮುಚ್ಚಿಡಲಾರೆ. ಮಾಸ್ತರರನ್ನು ಬೀಳಿಸಿದ್ದು ನಮ್ಮ ತಂದೆಯವರ ಕಾಲದ ಸೈಕಲ್ಲಲ್ಲ, ಬ್ಯಾಟರಿಯ ಸೈಕಲ್ಲು. 250 ವಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರಿಗಿಂತ ಹೆಚ್ಚು ಓಡದ ವಾಹನಕ್ಕೆ ನಮ್ಮ ನಿಯಮಗಳಲ್ಲಿ ಪರವಾನಗಿ ಬೇಡ. 15ರಿಂದ 25ಕ್ಕೆ ವೇಗ ಏರಿದರೆ ಹೊಡೆತ ಸುಮಾರು ಎರಡೂಮುಕ್ಕಾಲು ಪಟ್ಟಾಗುತ್ತದೆ. ವಾಹನದ ಮತ್ತು ಸಾಮಾನಿನ ಹೆಚ್ಚುವರಿ ತೂಕ ಬೇರೆ. ನಿಮಿಷಗಳ ಲೆಕ್ಕದಲ್ಲಿ ಸಾಮಾನು ಮುಟ್ಟಿಸಬೇಕಾದ ಹುಡುಗನ ಕೈಯಲ್ಲಿ ಅದನ್ನು ಕೊಟ್ಟಾಗ, ಕಲಿಸುವ ಹೊಣೆ ಅವನಿಂದ ದುಡಿಸಿಕೊಳ್ಳುವವರದು. ಬಾಡಿಗೆಗೆ ದುಡಿಯುವ ಇಂಥ ಸವಾರಿಗೆ ತರಬೇತಿಯನ್ನು ಕಡ್ಡಾಯ ಮಾಡಿ, ಅದರ ವೆಚ್ಚವನ್ನೂ ಸಮಯವನ್ನೂ ಮಾಲೀಕರ ತಲೆಗೆ ಕಟ್ಟುವುದನ್ನು ನಾನು ಒಪ್ಪುತ್ತೇನೆ. ಶಾಲೆಯ ಮಕ್ಕಳಿಗೆ ಡಚ್ಚರ ಮಾದರಿಯ ಪಾಠವನ್ನೂ ಪರೀಕ್ಷೆಯನ್ನೂ ಒಪ್ಪುತ್ತೇನೆ. ಬೆಳಗಿನ ಐದಕ್ಕೆ ಕೆಲಸಕ್ಕೆ ಹೊರಟ ಕೂಲಿಯವನನ್ನು ನಿಲ್ಲಿಸಿ ಕಾಗದ ಕೇಳುವುದನ್ನು ಮಾತ್ರ ಒಪ್ಪಲಾರೆ. ಎಲ್ಲರಿಗೂ ಕಲಿಕೆ ಇರಲಿ. ಯಾರಿಗೂ ಅದು ಬಾಗಿಲಿನ ಬೀಗವಾಗದಿರಲಿ.

ಮಾಸ್ತರರನ್ನು ನೋಡಲು ಹೋದಾಗ ಸಭೆಯಲ್ಲಿ ನಡೆದ ಮಾತನ್ನೆಲ್ಲ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡರು. ಆ ಹುಡುಗ ಎರಡು ಸಲ ಬಂದು ಅವರ ಕಾಲು ಮುಟ್ಟಿ ಹೋಗಿದ್ದನಂತೆ. ಕಲಬುರ್ಗಿ ಕಡೆಯವನು, ಕನ್ನಡದವನು. ಊರು ಬಿಟ್ಟು ಬಂದು ನಾಲ್ಕು ತಿಂಗಳಾಗಿತ್ತು. ಕೊನೆಗೆ ಮಾಸ್ತರು, "ಅಲ್ಲಪಾ, ಪರೀಕ್ಷೆ ಪರೀಕ್ಷೆ ಅಂತೀರಿ. ಅವಗ ಯಾರರ ಒಂದಿನ ಹೇಳಿಕೊಟ್ಟಿದ್ರೇನು?" ಎಂದರು. ನಲವತ್ತು ವರ್ಷ ಪಾಠ ಹೇಳಿದವರ ಮಾತು ಅದು, ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ಬಳಗ ಭಾನುವಾರಗಳಲ್ಲಿ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುತ್ತದೆ. ಬರುವ ಬೇಸಿಗೆಯಿಂದ ಆ ತರಗತಿಯ ಕೊನೆಯ ಅರ್ಧ ಗಂಟೆ ಅಂಗಳದಲ್ಲಿ ಸೀಮೆಸುಣ್ಣದ ಗೆರೆ ಎಳೆದು ಸೈಕಲ್ ಪಾಠ ನಡೆಸಬೇಕೆಂದು ಗೊತ್ತುಮಾಡಿದ್ದೇವೆ: ಎಡಬದಿ ಹಿಡಿಯುವುದು, ಹಿಂದೆ ನೋಡುವುದು, ಕೈ ತೋರುವುದು, ನಡೆಯುವವರಿಗೆ ದಾರಿ ಬಿಡುವುದು. ಪಾಠ ಹೇಳಲು ಮಾಸ್ತರು ಕುರ್ಚಿ ಹಾಕಿಕೊಂಡು ಕೂರುವುದಾಗಿ ಹೇಳಿದ್ದಾರೆ. ಸಾಮಾನು ಮುಟ್ಟಿಸುವ ಹುಡುಗರಲ್ಲಿ ಯಾರಾದರೂ ಬಂದರೆ ಅವರಿಗೂ ಜಾಗವುಂಟು. ಬಿಲ್ಲೆ ಕೊಡುವ ಯೋಚನೆ ಇಲ್ಲ.